ನಾಟದ ಲಾರಿಯ ಒಂದು ವಾರ

ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆಯ ಕಾಫಿ ತೋಟವೊಂದರಲ್ಲಿ ಸೋಮವಾರ ಬೆಳಿಗ್ಗೆ ಏಳಕ್ಕೆ ಲಾರಿ ರಿವರ್ಸ್ ಹಾಕಿ ನಿಲ್ಲಿಸಿದಿರಿ ಅನ್ನಿ. ಆ ವಾರ ಹೇಗೆ ಕಳೆಯುತ್ತದೆ ಅನ್ನುವುದು ಅವತ್ತು ಮಧ್ಯಾಹ್ನದ ಹೊತ್ತಿಗೆ ಅಲ್ಲೇ ತೀರ್ಮಾನವಾಗಿರುತ್ತದೆ. ಘಾಟಿಯಲ್ಲಿ ಬ್ರೇಕ್ ಹಿಡಿಯುತ್ತದೋ ಇಲ್ಲವೋ, ಚೆಕ್‌ಪೋಸ್ಟಿನಲ್ಲಿ ಅರ್ಧ ಗಂಟೆ ನಿಲ್ಲಬೇಕೋ ಅರ್ಧ ದಿನ ನಿಲ್ಲಬೇಕೋ, ಭಾನುವಾರ ಮಕ್ಕಳ ಜೊತೆ ಊಟಕ್ಕೆ ಕೂರುವುದುಂಟೋ ಇಲ್ಲವೋ, ಎಲ್ಲದರ ಬೇರು ಲೋಡಿಂಗ್ ಜಾಗದಲ್ಲಿದೆ. ಹದಿನೇಳು ವರ್ಷ ಈ ಸೀಮೆಯಲ್ಲಿ ನಾಟದ ಲಾರಿ ಹೊಡೆದಿದ್ದೇನೆ. ಹೊಸದಾಗಿ ಸ್ಟೀರಿಂಗ್ ಹಿಡಿಯುವ ಹುಡುಗರಿಗೆ ಗೇರು, ಕ್ಲಚ್ಚಿಗಿಂತ ಮೊದಲು ನಾನು ಕಲಿಸುವುದು ಒಂದೇ ಮಾತು: ಲೋಡಿನ ಮುಂದೆ ನಿಂತು ‘ಸಾಕು’ ಅನ್ನುವುದು.

ನಮ್ಮ ಸುತ್ತಿನ ಮರ ಒಂದೇ ತರದ್ದಲ್ಲ. ಪಡುವಲಿಗೆ ಸಕಲೇಶಪುರ, ಆಲೂರು, ಅರಕಲಗೂಡಿನ ಮಲೆನಾಡಿನ ಅಂಚಿನಲ್ಲಿ ಸಿಲ್ವರ್. ಕಾಫಿಗೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ಬೆಳೆದದ್ದು. ಮೂಡಲಿಗೆ ಚನ್ನರಾಯಪಟ್ಟಣ, ಹೊಳೆನರಸೀಪುರದ ಬಯಲಿನಲ್ಲಿ ನೀಲಗಿರಿ, ಸರ್ವೆ, ಅಲ್ಲಲ್ಲಿ ಫಸಲು ನಿಂತ ತೆಂಗು. ಸಿಲ್ವರ್ ಹೋಗುವುದು ಪ್ಲೈವುಡ್ಡಿಗೆ, ಪ್ಯಾಕಿಂಗ್ ಪೆಟ್ಟಿಗೆಗೆ. ಮಂಗಳೂರಿನ ಕಡೆ, ಕೇರಳದ ಪೆರುಂಬಾವೂರಿನ ಕಡೆ. ನೀಲಗಿರಿ ಕಂಬವಾಗಿ ಬೆಂಗಳೂರಿನ ಕಟ್ಟಡಗಳಿಗೆ, ತಿರುಳಾಗಲು ತುಂಗಭದ್ರೆಯ ದಡದ ಕುಮಾರಪಟ್ಟಣಕ್ಕೋ ದಾಂಡೇಲಿಯ ಕಾಗದದ ಕಾರ್ಖಾನೆಗೋ. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. ಹಾಗಾಗಿ ಈಗ ಬರುವುದು ಹೆಚ್ಚಾಗಿ ಹಳೆಯ ತೋಪುಗಳ ಕೂಳೆ ಮರ. ಇನ್ನು ಕೊಣನೂರು, ರಾಮನಾಥಪುರದ ಹೊಗೆಸೊಪ್ಪಿನ ಬ್ಯಾರನ್ನುಗಳಿಗೆ ಸೌದೆ ಹೊಡೆಯುವ ಬಾಡಿಗೆ ಉಂಟು. ಅದು ರಾತ್ರಿ ಮನೆ ಸೇರುವ ಕೆಲಸ. ಈ ಬರಹ ಮನೆ ಬಿಟ್ಟು ಹೋಗುವವರಿಗೆ.

ಲೈಸೆನ್ಸಿನ ಮಾತು ಬೇಗ ಮುಗಿಸುತ್ತೇನೆ. ಸಾರಿಗೆ ವಾಹನ ಹೊಡೆಯಲು 20 ವರ್ಷ ತುಂಬಿರಬೇಕು. ಲಘು ವಾಹನದ ಲೈಸೆನ್ಸ್ ಕೈಗೆ ಬಂದು ಕನಿಷ್ಠ ಒಂದು ವರ್ಷವಾಗಿರಬೇಕು. ವೈದ್ಯರ ಪ್ರಮಾಣಪತ್ರ ಬೇಕು. ಅಲ್ಲಿ ಕಣ್ಣಿನ ಪರೀಕ್ಷೆಯನ್ನು ನಿಜವಾಗಿ ಮಾಡಿಸಿಕೊಳ್ಳಿ, ಕಾಗದಕ್ಕೆ ಸಹಿ ಹಾಕಿಸಿಕೊಂಡು ಬರಬೇಡಿ. ಎದುರಿನ ಲಾರಿಯ ಬೆಳಕಿಗೆ ಕಣ್ಣು ಕುಕ್ಕಿ ಎರಡು ಸೆಕೆಂಡ್ ಏನೂ ಕಾಣದ ಡ್ರೈವರುಗಳನ್ನು ನಾನು ಬಲ್ಲೆ. ಆ ಎರಡು ಸೆಕೆಂಡಿನಲ್ಲಿ ಲಾರಿ ಮೂವತ್ತು ಮೀಟರ್ ಹೋಗಿರುತ್ತದೆ.

ತೋಟದಲ್ಲಿ

ಮರ ಏರುವ ಮೊದಲು ನೆಲ ನೋಡಿ. ಸಿಲ್ವರ್ ಕಡಿತ ಮಳೆಗಾಲ ಮುಗಿದು ನೆಲ ಗಟ್ಟಿಯಾದ ಮೇಲೆ ಜೋರಾಗುತ್ತದೆ. ಕಾಫಿ ಕೊಯ್ಲಿನ ದಿನಗಳಲ್ಲಿ ಆಳು ಸಿಗುವುದಿಲ್ಲ, ಲೋಡು ಎರಡು ದಿನ ಎಳೆಯುತ್ತದೆ. ತೋಟದ ರಸ್ತೆ ಖಾಲಿ ಲಾರಿಯನ್ನು ಒಳಗೆ ಬಿಟ್ಟುಕೊಂಡಿತು ಅಂತ ತುಂಬಿದ ಲಾರಿಯನ್ನೂ ಹೊರಗೆ ಬಿಡುತ್ತದೆ ಅಂದುಕೊಳ್ಳಬೇಡಿ. ಒಳಗೆ ಹೋಗುವಾಗಲೇ ಇಳಿದು, ಮೋರಿಯ ಚಪ್ಪಡಿ, ಕೆರೆ ಏರಿಯ ಮಣ್ಣು, ತಿರುವಿನಲ್ಲಿ ತಗ್ಗಿಗೆ ಬಿದ್ದ ಅಂಚು ಇಷ್ಟನ್ನು ನಡೆದೇ ನೋಡಿ ಬನ್ನಿ. ಸಂಜೆ ಐದರೊಳಗೆ ತೋಟದಿಂದ ಹೊರಬೀಳುವ ಹಾಗೆ ಲೆಕ್ಕ ಹಾಕಿ. ಸಕಲೇಶಪುರ, ಆಲೂರು, ಬೇಲೂರು, ಅರಕಲಗೂಡಿನ ಈ ಪಟ್ಟಿಯಲ್ಲಿ ಆನೆಗಳು ತೋಟದೊಳಗೇ ಇರುತ್ತವೆ. ದಸರೆಯಲ್ಲಿ ಅಂಬಾರಿ ಹೊತ್ತ ಅರ್ಜುನ ಕಾಡಾನೆ ಹಿಡಿಯುವ ಕೆಲಸದಲ್ಲಿ ಪ್ರಾಣ ಬಿಟ್ಟದ್ದು ಇಲ್ಲೇ ಯಸಳೂರಿನ ಕಡೆ, 2023ರ ಡಿಸೆಂಬರ್ 4ರಂದು. ಅಂಥ ಆನೆಗೇ ಆದದ್ದು ಲೋಡಿಂಗ್ ಆಳಿಗೆ ಆಗುವುದಿಲ್ಲವೆ? ತೋಟದ ಮೇಸ್ತ್ರಿಯನ್ನು ‘ನಿನ್ನೆ ಆನೆ ಯಾವ ಕಡೆ ಇತ್ತು’ ಅಂತ ಕೇಳಿಯೇ ಎಂಜಿನ್ ಆಫ್ ಮಾಡಿ.

ದಿಮ್ಮಿ ಜೋಡಿಸುವುದಕ್ಕೆ ಒಂದು ಕ್ರಮವಿದೆ. ದಪ್ಪನೆಯವು, ನೇರವಾದವು ತಳಕ್ಕೆ. ಬುಡವೆಲ್ಲ ಒಂದೇ ಕಡೆ ಬಂದರೆ ತೂಕ ಒಂದು ತುದಿಗೆ ವಾಲುತ್ತದೆ. ಬುಡ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಬರಲಿ. ಮೇಲಿನ ಪ್ರತಿ ದಿಮ್ಮಿಯೂ ಕೆಳಗಿನ ಎರಡು ದಿಮ್ಮಿಗಳ ನಡುವಿನ ತಗ್ಗಿನಲ್ಲಿ ಕೂರಬೇಕು, ಒಂದರ ನೆತ್ತಿಯ ಮೇಲಲ್ಲ. ಮುಂದಿನ ತುದಿಗಳು ಕ್ಯಾಬಿನ್ ಹಿಂದಿನ ತಡೆಗೆ ತಾಗಿರಲಿ. ಅಲ್ಲಿ ಒಂದು ಮೊಳ ಜಾಗ ಬಿಟ್ಟಿರೋ, ಜೋರಾಗಿ ಬ್ರೇಕ್ ಹಾಕಿದ ದಿನ ಆ ಮೊಳದಷ್ಟು ವೇಗ ತಂದುಕೊಂಡು ಮರ ನಿಮ್ಮ ಬೆನ್ನಿಗೆ ಬರುತ್ತದೆ. ಪಕ್ಕದ ಕಂಬಗಳಿಗಿಂತ ಮೇಲೆ ಒಂಟಿ ದಿಮ್ಮಿ ಕೂರಿಸಲು ಬಿಡಬೇಡಿ.

ಸಿಪ್ಪೆ ಇರುವ ಸಿಲ್ವರ್ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಸಿಪ್ಪೆ ಸುಲಿದ ಹಸಿ ನೀಲಗಿರಿ ಸೋಪು ಹಚ್ಚಿದ ಹಾಗೆ ಜಾರುತ್ತದೆ. ಅದಕ್ಕೆ ಹಗ್ಗ ನಂಬಬೇಡಿ, ಸರಪಳಿ ಹಾಕಿ ಬಿಗಿಯಿರಿ. ನಾರಿನ ಹಗ್ಗ ಮಳೆಯಲ್ಲಿ ನೆಂದು ಬಿಗಿಯಾಗುತ್ತದೆ, ಬಿಸಿಲು ಬಿದ್ದೊಡನೆ ಸಡಿಲವಾಗುತ್ತದೆ. ಸಕಲೇಶಪುರದ ಮಳೆಯಲ್ಲಿ ಕಟ್ಟಿದ ಹಗ್ಗ ಚನ್ನರಾಯಪಟ್ಟಣದ ಬಿಸಿಲಿಗೆ ಬರುವಷ್ಟರಲ್ಲಿ ಬೇರೆ ಹಗ್ಗವೇ ಆಗಿರುತ್ತದೆ. ಹೇಗೇ ಕಟ್ಟಿದ್ದರೂ ಹತ್ತು ಹದಿನೈದು ಕಿಲೋಮೀಟರ್ ಕುಲುಕಿ ಮರ ತನ್ನ ಜಾಗಕ್ಕೆ ಕೂತ ಮೇಲೆ ನಿಲ್ಲಿಸಿ ಮತ್ತೆ ಬಿಗಿಯಲೇಬೇಕು. ಲೋಡಿನ ಮೇಲೆ ಆಳುಗಳನ್ನು ಕೂರಿಸಿಕೊಂಡು ಊರಿನ ತನಕ ಬಿಟ್ಟು ಬರುವ ಅಭ್ಯಾಸ ನಮ್ಮಲ್ಲಿದೆ. ಅವರು ಬಡವರು, ಬಸ್ಸಿಲ್ಲದ ಊರಿನವರು, ಕರುಳು ಚುರ್ ಅನ್ನುತ್ತದೆ, ಆದರೂ ಬೇಡ. ಮರ ಜಾರಿದರೆ ಮೊದಲು ಅಡಿಗೆ ಹೋಗುವವರು ಅವರೇ. ವಿಮೆಯೂ ಅವರ ಕೈ ಹಿಡಿಯುವುದಿಲ್ಲ.

ತೂಕ ಅನ್ನುವ ಜಗಳ

ಬಾಡಿಗೆ ಟನ್ ಲೆಕ್ಕದಲ್ಲಿ. ಹೆಚ್ಚು ಟನ್ ಹೋದರೆ ಕಾಂಟ್ರಾಕ್ಟರಿಗೆ ಲಾಭ, ಮಾಲೀಕರಿಗೆ ಲಾಭ. ‘ಅಣ್ಣ, ಇನ್ನೊಂದು ನಾಲ್ಕು ಪೀಸ್ ಹಾಕ್ಬಿಡ್ತೀವಿ, ಎಷ್ಟು ಮಹಾ ಆಗುತ್ತೆ?’ ಅನ್ನುವ ಮಾತು ಬಂದೇ ಬರುತ್ತದೆ. ‘ಸಾಕು ಕಣಪ್ಪ’ ಅನ್ನಲು ಗಂಟಲಿನ ಜೊತೆಗೆ ಲೆಕ್ಕವೂ ಬೇಕು. ಆ ಲೆಕ್ಕ ಇಲ್ಲಿದೆ.

2018ರ ಜುಲೈನಲ್ಲಿ ಕೇಂದ್ರ ಸರ್ಕಾರ ತೂಕದ ಮಿತಿ ಹೆಚ್ಚಿಸಿತು. ಆರು ಚಕ್ರದ ಲಾರಿಗೆ ಮರವೂ ಸೇರಿ 18.5 ಟನ್, ಹತ್ತು ಚಕ್ರದ್ದಕ್ಕೆ 28.5 ಟನ್. ಆದರೆ ಹಳೆಯ ಲಾರಿಯ ಆರ್‌ಸಿಯಲ್ಲಿ ಹಳೆಯ ತೂಕವೇ ಇರಬಹುದು. ನಿಮಗೆ ಅನ್ವಯಿಸುವುದು ನಿಮ್ಮ ಆರ್‌ಸಿಯಲ್ಲಿ ಬರೆದದ್ದು. ಸೋಮವಾರ ಬೆಳಿಗ್ಗೆ ಖಾಲಿ ಲಾರಿಯನ್ನು ವೇ ಬ್ರಿಡ್ಜಿಗೆ ಹತ್ತಿಸಿ ಚೀಟಿ ತೆಗೆದುಕೊಂಡೇ ತೋಟಕ್ಕೆ ಹೋಗಿ. ಆರ್‌ಸಿಯ ತೂಕದಿಂದ ಅದನ್ನು ಕಳೆದರೆ ಉಳಿಯುವಷ್ಟು ಮರ ನಿಮ್ಮದು. ಹೆಚ್ಚಾದರೆ ಮೋಟಾರು ವಾಹನ ಕಾಯ್ದೆಯ ಪ್ರಕಾರ 20,000 ರೂಪಾಯಿ ದಂಡ, ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000. ಐದು ಟನ್ ಹೆಚ್ಚಿದ್ದರೆ 30,000. ಅಷ್ಟೇ ಅಲ್ಲ, ಹೆಚ್ಚಿನ ಮರ ಅಲ್ಲೇ ಇಳಿಸದೆ ಲಾರಿ ಮುಂದೆ ಹೋಗುವಂತಿಲ್ಲ. ನಡುದಾರಿಯಲ್ಲಿ ಹಮಾಲರನ್ನು ಎಲ್ಲಿಂದ ತರುತ್ತೀರಿ? ಬಾಡಿಯಿಂದ ಪಕ್ಕಕ್ಕೋ ಹಿಂದಕ್ಕೋ ಚಾಚಿದ ಮರಕ್ಕೂ 20,000ದ ದಂಡವಿದೆ. ರಾತ್ರಿ ಹಿಂದೆ ಬರುವ ಬೈಕಿನ ಹುಡುಗನಿಗೆ ಚಾಚಿದ ದಿಮ್ಮಿಯ ತುದಿ ಕಾಣುವುದಿಲ್ಲ. ದಂಡದ ಮಾತು ಬಿಡಿ, ಇದೊಂದೇ ಸಾಕು ಕಾರಣ.

ಹಸಿ ನೀಲಗಿರಿ ಒಂದು ಘನ ಮೀಟರಿಗೆ ಹತ್ತಿರ ಹತ್ತಿರ ಒಂದು ಟನ್ ತೂಗುತ್ತದೆ. ಅದೇ ಮರ ಕಡಿದು ಒಂದು ತಿಂಗಳು ಬಿಸಿಲು ಕಂಡಿದ್ದರೆ ತೂಕ ಎಷ್ಟೋ ಇಳಿದಿರುತ್ತದೆ. ಹೋದ ವಾರ ಈ ಎತ್ತರಕ್ಕೆ ತುಂಬಿದ್ದೆ, ತೂಕ ಸರಿ ಬಂದಿತ್ತು ಅಂತ ಕಣ್ಣಳತೆಯ ಮೇಲೆ ಹೊರಟವರು ಮಳೆ ಬಿದ್ದ ಮರುದಿನ ಸಿಕ್ಕಿಬೀಳುತ್ತಾರೆ. ಒಮ್ಮೆ ನಾನೂ ಸಿಕ್ಕಿಬಿದ್ದಿದ್ದೇನೆ. ಆಗ ನಾನು ದುಡಿಯುತ್ತಿದ್ದ ಮಾಲೀಕರು ದಂಡವನ್ನು ಎರಡು ತಿಂಗಳ ಬಾಟಾದಲ್ಲಿ ಹಿಡಿದುಕೊಂಡರು. ಅಂದಿನಿಂದ ಕೆಲಸಕ್ಕೆ ಸೇರುವಾಗಲೇ ಕೇಳುತ್ತಿದ್ದೆ: ಓವರ್‌ಲೋಡಿಗೆ ಬಿದ್ದ ದಂಡ ಯಾರದ್ದು? ನೀವೂ ಕೇಳಿ. ಕೇಳಿದ್ದಕ್ಕೆ ಕೋಪ ಮಾಡಿಕೊಳ್ಳುವವರ ಲಾರಿ ಹತ್ತಬೇಡಿ.

ಮರ ಮಾರುವ ರೈತರಿಗೂ ಇಲ್ಲೊಂದು ಮಾತು ಹೇಳಬೇಕು, ಯಾಕೆಂದರೆ ಅಳತೆಯ ಜಗಳದ ನಡುವೆ ಡ್ರೈವರೇ ನಿಂತಿರುತ್ತಾನೆ. ಸೈಜು ಮರವನ್ನು ಘನ ಅಡಿಯಲ್ಲಿ ಅಳೆಯುವಾಗ ನಡುವಿನ ಸುತ್ತಳತೆಯನ್ನು ಇಂಚಿನಲ್ಲಿ ತೆಗೆದು, ಅದನ್ನು ಅದರಿಂದಲೇ ಗುಣಿಸಿ, ಉದ್ದದ ಅಡಿಯಿಂದ ಗುಣಿಸಿ, 2304ರಿಂದ ಭಾಗಿಸುತ್ತಾರೆ. 40 ಇಂಚು ಸುತ್ತಳತೆಯ 10 ಅಡಿ ದಿಮ್ಮಿಗೆ ಸುಮಾರು 6.9 ಘನ ಅಡಿ ಬರುತ್ತದೆ. ದುಂಡು ಮರದ ನಿಜವಾದ ಗಾತ್ರ ಸುಮಾರು 8.8. ಇದು ಸುತ್ತಳತೆಯ ಕಾಲು ಭಾಗದ ಹಳೆಯ ಲೆಕ್ಕ. ಚೌಕ ಮಾಡುವಾಗ ಹೋಗುವ ಮರವನ್ನು ಮೊದಲೇ ಕಳೆದದ್ದು. ಮೋಸವೇನಲ್ಲ. ಆದರೆ ಈ ಲೆಕ್ಕದ ಮೇಲೆ ಮತ್ತೆ ‘ಸಿಪ್ಪೆ ಕಳೆಯುತ್ತೇವೆ’ ಅಂದರೆ ಎಷ್ಟು ಇಂಚು ಅಂತ ಮೊದಲೇ ಮಾತಾಡಿಕೊಳ್ಳಿ.

ಕಾಗದ

ಸಿಲ್ವರ್, ನೀಲಗಿರಿ, ಸರ್ವೆ ಕಡಿಯಲು ಅನುಮತಿ ಬೇಡ ಅನ್ನುವ ಪಟ್ಟಿ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿದೆ. ಇದನ್ನು ಕೇಳಿ ಕಾಗದವೇ ಬೇಡ ಅಂದುಕೊಂಡು ಹೊರಟವರು ಅನೇಕರು. ಕಡಿಯುವ ಮಾತು ಬೇರೆ, ಸಾಗಿಸುವ ಮಾತು ಬೇರೆ. ಸಾಗಣೆಯ ರಹದಾರಿಯ ನಿಯಮ ಮರದ ಜಾತಿಯ ಮೇಲೆ, ಊರಿನ ಮೇಲೆ, ರಾಜ್ಯದ ಗಡಿ ದಾಟುತ್ತದೋ ಇಲ್ಲವೋ ಅನ್ನುವುದರ ಮೇಲೆ ಬದಲಾಗುತ್ತದೆ. ನಡುನಡುವೆ ತಿದ್ದುಪಡಿಯೂ ಆಗುತ್ತದೆ. ಲೋಡು ಒಪ್ಪಿಕೊಳ್ಳುವ ಮೊದಲು ಆ ತೋಟ ಯಾವ ವಲಯ ಅರಣ್ಯಾಧಿಕಾರಿ ಕಚೇರಿಗೆ ಸೇರುತ್ತದೋ ಅಲ್ಲಿ ಕೇಳಿಸಿ. ರಹದಾರಿ ಇದ್ದರೆ ಲಾರಿ ನಂಬರ್, ಮರದ ಜಾತಿ, ದಿಮ್ಮಿಗಳ ಸಂಖ್ಯೆ, ದಾರಿ, ಅವಧಿ ಐದನ್ನೂ ಬೆರಳಿಟ್ಟು ಓದಿಕೊಳ್ಳಿ. ಓದಲು ಬಾರದಿದ್ದರೆ ಬಲ್ಲವರಿಂದ ಓದಿಸಿ ಕೇಳಿ, ಅದರಲ್ಲಿ ನಾಚಿಕೆ ಇಲ್ಲ.

ಏರುವ ಒಂದೊಂದು ದಿಮ್ಮಿಯನ್ನೂ ನೀವೇ ಎಣಿಸಿ. ಸಿಲ್ವರಿನ ನಡುವೆ ಒಂದೇ ಒಂದು ಬೀಟೆಯೋ ತೇಗವೋ ನುಸುಳಿದರೂ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಲಾರಿಯನ್ನೇ ಮುಟ್ಟುಗೋಲು ಹಾಕಿಕೊಳ್ಳಬಹುದು, ಮೊದಲು ಕೈಗೆ ಸಿಗುವವನು ಸ್ಟೀರಿಂಗ್ ಹಿಂದೆ ಕೂತವನು. ಯಾರದೋ ಆಸೆಗೆ ಜೈಲಿನ ಬಾಗಿಲು ಕಂಡ ಡ್ರೈವರನ್ನು ನೋಡಿದ ಮೇಲೆ ನಾನು ಲೋಡಿಂಗ್ ಹೊತ್ತಿನಲ್ಲಿ ಕ್ಯಾಬಿನ್ನಿನಲ್ಲಿ ಮಲಗಿದ್ದಿಲ್ಲ.

ಇ-ವೇ ಬಿಲ್ಲಿಗೆ 200 ಕಿ.ಮೀ.ಗೆ ಒಂದು ದಿನದ ಲೆಕ್ಕ. ಹಾಸನದಿಂದ ಪೆರುಂಬಾವೂರಿಗೆ 400 ಮೀರುವುದರಿಂದ ಮೂರು ದಿನ ಸಿಗುತ್ತದೆ. ದಾರಿಯಲ್ಲಿ ಕೆಟ್ಟು ನಿಂತರೆ ಅವಧಿ ಮುಗಿಯುವ ಎಂಟು ಗಂಟೆ ಮುಂಚೆಯಿಂದ, ಮುಗಿದ ಎಂಟು ಗಂಟೆಯೊಳಗೆ ಅದನ್ನು ವಿಸ್ತರಿಸಿಕೊಳ್ಳಬಹುದು. ಮಾಲೀಕರಿಗೆ ಫೋನ್ ಮಾಡಿದರೆ ಸಾಕು, ಕೂತಲ್ಲೇ ಆಗುವ ಕೆಲಸ. ಇದು ಗೊತ್ತಿಲ್ಲದೆ ದಂಡ ಕಟ್ಟಿದವರಿದ್ದಾರೆ.

ದಾರಿ

ಪೆರುಂಬಾವೂರಿನ ಲೋಡಾದರೆ ಹಾಸನದಿಂದ ಹೊಳೆನರಸೀಪುರ, ಕೆ.ಆರ್. ನಗರ, ಬಿಳಿಕೆರೆ, ಮೈಸೂರು, ನಂಜನಗೂಡು, ಗುಂಡ್ಲುಪೇಟೆ. ಇಲ್ಲಿಯವರೆಗೆ ಸಮ ರಸ್ತೆ. ಮುಂದೆ ಬಂಡೀಪುರದ ಕಾಡು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ 2009ರಿಂದಲೂ ಅಲ್ಲಿ ಗೇಟ್ ಬಂದ್. ಹೊಸಬರು ಒಂಬತ್ತರೊಳಗೆ ದಾಟಿಬಿಡುವ ಅಂತ ನಂಜನಗೂಡಿನಿಂದ ಒಂದೇ ಸಮ ಹೊಡೆಯುತ್ತಾರೆ. ಹಾಗೆ ದಾಟಿದವರು ನಡುರಾತ್ರಿ ತಾಮರಶ್ಶೇರಿ ಘಾಟಿಯ ಒಂಬತ್ತು ಹೇರ್‌ಪಿನ್ ತಿರುವುಗಳನ್ನು ನಿದ್ದೆಗಣ್ಣಲ್ಲಿ ಇಳಿಯಬೇಕಾಗುತ್ತದೆ. ನಾನು ಆ ಗೇಟನ್ನು ಹಾಸಿಗೆಯಾಗಿ ಬಳಸುತ್ತಿದ್ದೆ. ಮಂಗಳವಾರ ಸಂಜೆ ಎಂಟಕ್ಕೆ ಗುಂಡ್ಲುಪೇಟೆ, ಊಟ, ಲಾರಿ ಸಾಲಿನಲ್ಲಿ ನಿದ್ದೆ, ಆರಕ್ಕೆ ಗೇಟು ತೆರೆದಾಗ ಹೊಸ ಮನುಷ್ಯ. ಕಾಡಿನೊಳಗೆ ಹಾರ್ನ್ ಹೊಡೆಯಬೇಡಿ, ನಿಲ್ಲಿಸಿ ಇಳಿಯಬೇಡಿ. ಬುಧವಾರ ಹಗಲಿನಲ್ಲಿ ಘಾಟಿ ಇಳಿದು ಕೋಳಿಕ್ಕೋಡು. ಆ ಘಾಟಿಯಲ್ಲಿ ಭಾರಿ ವಾಹನಗಳಿಗೆ ಆಗಾಗ ಹೊತ್ತಿನ ನಿರ್ಬಂಧ ಇರುತ್ತದೆ, ಸುಲ್ತಾನ್ ಬತ್ತೇರಿಯಲ್ಲೇ ವಿಚಾರಿಸಿಕೊಳ್ಳಿ.

ಮಂಗಳೂರಿನ ಲೋಡಾದರೆ ಶಿರಾಡಿ. ಹೆಗ್ಗದ್ದೆಯಿಂದ ಅಡ್ಡಹೊಳೆಯವರೆಗಿನ 26 ಕಿ.ಮೀ. ಘಾಟಿಗೆ 2018ರ ಹೊತ್ತಿಗೆ ಪೂರ್ತಿ ಕಾಂಕ್ರೀಟ್ ಆಯಿತು. ಗುಂಡಿ ಹೋಯಿತು, ಇಳಿಜಾರು ಹೋಗಲಿಲ್ಲ. ನುಣುಪು ರಸ್ತೆಯಲ್ಲಿ ಲಾರಿ ತಾನಾಗಿ ವೇಗ ಎತ್ತಿಕೊಳ್ಳುತ್ತದೆ, ಕಾಲು ಬ್ರೇಕಿನ ಮೇಲೆಯೇ ಇರುತ್ತದೆ, ಡ್ರಮ್ ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ತುಳಿದರೂ ಹಿಡಿಯುವುದಿಲ್ಲ. ಏರಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು. ಅದನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಿಕೊಳ್ಳಿ. ನಡುವೆ ಹಾಕಲು ಹೋದರೆ ಗೇರು ಕೂರದೆ ನ್ಯೂಟ್ರಲ್ಲಿನಲ್ಲಿ ಉಳಿಯುತ್ತೀರಿ. ಡೀಸೆಲ್ ಉಳಿಸಲು ಬೇಕೆಂದೇ ನ್ಯೂಟ್ರಲ್ ಮಾಡುವವರಿದ್ದಾರೆ. ಆ ನಾಲ್ಕು ಲೀಟರಿಗೆ ಎಷ್ಟು ಮನೆ ಹಾಳಾಗಿವೆ! ಸಕಲೇಶಪುರ ಬಿಡುವ ಮುಂಚೆ ಏರ್ ಪ್ರೆಷರ್ ಮುಳ್ಳು ನೋಡಿ, ಏರ್ ಟ್ಯಾಂಕಿನ ನೀರು ಬಿಡಿ, ಕಬ್ಬಿಣದ ರಾಡಿನಿಂದ ಟೈರು ಬಡಿದು ಸದ್ದು ಕೇಳಿ. ಗುಂಡ್ಯದ ಅರಣ್ಯ ಚೆಕ್‌ಪೋಸ್ಟಿನಲ್ಲಿ ನಿಂತಾಗ ಕಾಗದ ತೋರಿಸುವ ಜೊತೆಗೆ ಒಂದು ಸುತ್ತು ಬಂದು, ಹಬ್ಬಿನ ಹತ್ತಿರ ಅಂಗೈ ಹಿಡಿದು ಬಿಸಿ ನೋಡಿ, ಮುಟ್ಟಬೇಡಿ.

ಮಳೆಗಾಲದಲ್ಲಿ ಶಿರಾಡಿಯನ್ನು ನೆಚ್ಚಿ ಮಾತು ಕೊಡಬೇಡಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿಯಿತು, 2024ರ ಜುಲೈನಲ್ಲಿ ದೊಡ್ಡತಪ್ಪಲೆಯಲ್ಲಿ ಮತ್ತೆ ಮಣ್ಣು ರಸ್ತೆಗೆ ಬಂತು. ಬದಲಿಗೆ ಚಾರ್ಮಾಡಿ ಘಾಟಿ ಹಿಡಿಯೋಣ ಅಂದರೆ ಅಲ್ಲಿ ಭಾರಿ ಲಾರಿಗಳನ್ನು ಬಿಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವ ದಿನ ಬೆಳಿಗ್ಗೆ ಹಾಸನ, ದಕ್ಷಿಣ ಕನ್ನಡ ಎರಡೂ ಜಿಲ್ಲಾಡಳಿತಗಳ ಆದೇಶ ಏನಿದೆ ಅಂತ ತಿಳಿದುಕೊಂಡೇ ಕೀಲಿ ತಿರುಗಿಸಿ.

ನಿದ್ದೆಯ ವಿಚಾರದಲ್ಲಿ ನಾನು ಹಟಮಾರಿ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, 5 ಗಂಟೆಗೊಮ್ಮೆ ಅರ್ಧ ಗಂಟೆ ವಿಶ್ರಾಂತಿ, ವಾರಕ್ಕೊಂದು ರಜೆ ಅಂತ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ನಾಟದ ಲಾರಿಯ ವಾರ ಆ ಲೆಕ್ಕಕ್ಕೆ ಕೂರುವುದು ಅಪರೂಪ. ಲೋಡಿಂಗಿಗೆ ನಿಂತ ಹತ್ತು ಗಂಟೆಯನ್ನು ಯಾರೂ ಕೆಲಸ ಅಂತ ಎಣಿಸುವುದಿಲ್ಲ, ಮೈ ಮಾತ್ರ ಎಣಿಸಿರುತ್ತದೆ. ಅದಕ್ಕೇ ಲೋಡು ಮುಗಿದ ರಾತ್ರಿಯೇ ಹೊರಡಬೇಡಿ. ನಡುರಾತ್ರಿ ಎರಡರಿಂದ ಐದರವರೆಗೆ ಯಾವ ಟೀ, ಯಾವ ಗುಟ್ಕಾ, ಯಾವ ಹಾಡೂ ಕಣ್ಣು ತೆರೆಸುವುದಿಲ್ಲ. ಕಣ್ಣು ತೆರೆದೇ ನಿದ್ದೆ ಹೋಗುತ್ತೀರಿ. ಸೇತುವೆ ದಾಟಿದ್ದು ನೆನಪಿಲ್ಲ ಅನ್ನಿಸಿದ ಕೂಡಲೇ ಬಂಕ್ ಹುಡುಕಿ ಇಪ್ಪತ್ತು ನಿಮಿಷ ಒರಗಿ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ನಮ್ಮ ಹಳೆಯ ಲಾರಿಗಳಲ್ಲಿ ಎಂಜಿನ್ ಬಿಸಿ ಕಾಲಿಗೇ ಹೊಡೆಯುತ್ತದೆ. ನೀರು ಕುಡಿಯಿರಿ, ಮೂತ್ರ ಕಟ್ಟಬೇಡಿ. ಊಟಕ್ಕೆ ಚನ್ನರಾಯಪಟ್ಟಣದ ಕಡೆ ಮುದ್ದೆ ಸಿಗುತ್ತದೆ, ಘಾಟಿ ಇಳಿದರೆ ಕುಚಲಕ್ಕಿ ಅನ್ನ. ಸ್ವಂತ ಅಡುಗೆಯೇ ಹಿಡಿಸುವುದಾದರೆ ಸ್ಟವ್ ಕೆಳಗಿಳಿಸಿ ಬಯಲಲ್ಲಿ ಹಚ್ಚಿ. ಕ್ಯಾಬಿನ್ನಿನೊಳಗೆ ಗ್ಯಾಸ್ ಹಚ್ಚುವುದು ಬೇಡವೇ ಬೇಡ.

ಇಳಿಸುವ ಜಾಗದಲ್ಲಿ

ಮಿಲ್ಲು ತಲುಪಿತು, ಗಂಡಾಂತರ ಮುಗಿಯಿತು ಅನ್ನಿಸುತ್ತದೆ. ನನ್ನ ಕಣ್ಣೆದುರು ನಡೆದ ಅತಿ ಕೆಟ್ಟ ಅಪಘಾತ ನಿಂತ ಲಾರಿಯ ಪಕ್ಕದಲ್ಲಿ ಆದದ್ದು. ದಾರಿಯುದ್ದಕ್ಕೂ ಕುಲುಕಿದ ಮರ ಹಗ್ಗಕ್ಕೆ ಒರಗಿ ನಿಂತಿರುತ್ತದೆ, ಹಗ್ಗ ಬಿಚ್ಚಿದ ಕ್ಷಣ ಉರುಳುತ್ತದೆ. ಬಿಚ್ಚುವ ಮೊದಲು ಸಮನೆಲದಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಎರಡೂ ಪಕ್ಕ ನೋಡಿ ಯಾವ ಕಡೆ ಉಬ್ಬಿದೆ ಅಂತ ತಿಳಿಯಿರಿ. ಉಬ್ಬಿದ ಕಡೆ ಒಂದು ನರಪಿಳ್ಳೆಯೂ ಇರಬಾರದು. ಎದುರು ಪಕ್ಕದಿಂದ ಬಿಚ್ಚಿ. ಕ್ಲೀನರ್ ಹುಡುಗನನ್ನು ಬಿಚ್ಚಲು ಕಳಿಸಿ ನೀವು ತೂಕದ ಚೀಟಿಗೆ ಹೋಗಬೇಡಿ. ಅವನು ನಿಮ್ಮನ್ನು ‘ಅಣ್ಣ’ ಅನ್ನುತ್ತಾನೆ, ಅವನ ತಾಯಿ ನಿಮ್ಮನ್ನು ನಂಬಿ ಕಳಿಸಿದ್ದಾಳೆ.

ಗುರುವಾರ ಖಾಲಿಯಾದರೆ ವಾಪಸ್ ಲೋಡಿಗೆ ಒಂದು ದಿನ ಕಾಯಿರಿ, ಎರಡು ದಿನ ಬೇಡ. ಶುಕ್ರವಾರ ಹೊರಟರೆ ಶನಿವಾರ ಊರು. ಶನಿವಾರ ಮಧ್ಯಾಹ್ನವೇ ಚನ್ನರಾಯಪಟ್ಟಣದಲ್ಲಿ ನೀಲಗಿರಿ ಲೋಡಿದೆ, ಅರಸೀಕೆರೆ ಮೇಲೆ ಕುಮಾರಪಟ್ಟಣಕ್ಕೆ ಒಂದು ರಾತ್ರಿ ಹೊಡೆದುಬಿಡು ಅನ್ನುವ ಫೋನ್ ಬರುತ್ತದೆ. ಆ ಫೋನಿಗೂ ತೋಟದಲ್ಲಿ ಹೇಳಿದ ಮಾತೇ ಉತ್ತರ. ಒಪ್ಪುವುದೇ ಆದರೆ ಸೋಮವಾರಕ್ಕೆ ಒಪ್ಪಿ.

ಭಾನುವಾರ ಬೆಳಿಗ್ಗೆ ಒಂದೆರಡು ಗಂಟೆ ಲಾರಿಗೆ ಕೊಡಿ. ಗ್ರೀಸ್, ಕಮಾನ್ ಪಟ್ಟಿಯ ಬಿರುಕು, ಹಿಂದಿನ ದೀಪ, ಹಿಂಬದಿಯ ಕೆಂಪು ಪ್ರತಿಫಲಕ ಪಟ್ಟಿ. ಆ ಪಟ್ಟಿಯ ಮೇಲೆ ಕೂತ ತೋಟದ ಕೆಂಪು ಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಖರ್ಚಿಲ್ಲದ ಕೆಲಸ. ವಾರದ ಪುಸ್ತಕ ಬರೆಯಿರಿ: ಎಲ್ಲಿಂದ ಎಲ್ಲಿಗೆ, ಎಷ್ಟು ಟನ್, ಎಷ್ಟು ಗಂಟೆ ಕಾದದ್ದು, ಅಡ್ವಾನ್ಸ್ ಎಷ್ಟು, ಬಾಟಾ ಎಷ್ಟು ಬಾಕಿ. ಬಾಯಿಮಾತಿನ ಲೆಕ್ಕದಲ್ಲಿ ಸೋಲುವುದು ಯಾವಾಗಲೂ ಡ್ರೈವರೇ. ಫೋನಿನಲ್ಲಿ ಎರಡು ನಂಬರ್ ಇರಲಿ, 112 ಮತ್ತು ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033.

ಇನ್ನೊಂದು ಕೆಲಸ ಈ ಭಾನುವಾರವೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡು ಮುಂದಿನ ಬಿಡುವಿನ ದಿನ ಹಾಸನದ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ ಮಾಡಿ. ಖಾಸಗಿ ವಾಣಿಜ್ಯ ವಾಹನದ ಚಾಲಕರಿಗೆ, ಕ್ಲೀನರುಗಳಿಗೆ ರಾಜ್ಯ ಸರ್ಕಾರದ ಅಪಘಾತ ಪರಿಹಾರ ಯೋಜನೆ ಇದೆ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 5 ಲಕ್ಷ ರೂಪಾಯಿ. ಈಗ ಏನೇನು ದಾಖಲೆ ಕೇಳುತ್ತಾರೆ ಅಂತ ವಿಚಾರಿಸಿ, ನಿಮ್ಮ ಹೆಸರಿನ ಜೊತೆ ಕ್ಲೀನರ್ ಹುಡುಗನ ಹೆಸರನ್ನೂ ನೋಂದಾಯಿಸಿ. ಲಾರಿಯ ವಿಮೆಯಲ್ಲಿ ಡ್ರೈವರ್, ಕ್ಲೀನರ್ ಇಬ್ಬರಿಗೂ ಪ್ರೀಮಿಯಂ ಕಟ್ಟಿದೆಯೋ ಇಲ್ಲವೋ ಅಂತ ಪಾಲಿಸಿಯಲ್ಲಿ ನೋಡಿ. ಆ ಕಾಗದಗಳ ಒಂದೊಂದು ಪ್ರತಿ ಲಾರಿಯ ಡ್ಯಾಶ್‌ಬೋರ್ಡಿನಲ್ಲಿ ಸಾಲದು, ಮನೆಯ ಬೀರುವಿನಲ್ಲೂ ಇರಲಿ. ಎಲ್ಲಿದೆ ಅಂತ ಹೆಂಡತಿಗೆ ತೋರಿಸಿ, ಏನು ಬರೆದಿದೆ ಅಂತ ಕೂತು ಓದಿ ಹೇಳಿ.